ನಲವತ್ತೊಂದು ಸೊನ್ನೆಗಳ ವರದಿ

ಕಾರ್ಮಿಕರ ಆರೋಗ್ಯ ಸಮೀಕ್ಷೆಯ ಮುಖ್ಯಾಧಿಕಾರಿಗಳೇ,

ಆಸ್ಪತ್ರೆಗಳ ಬಟ್ಟೆ ಒಗೆಯುವ ನಮ್ಮ ಕಾರ್ಖಾನೆಯಲ್ಲಿ ಕಾಯಿಲೆಯೇ ಇಲ್ಲ, ಆದ್ದರಿಂದ ಘಾಟನ್ನು ಹೊರಗೆಳೆಯುವ ಫ್ಯಾನುಗಳ ಅಗತ್ಯವಿಲ್ಲ ಎಂದು ತಾವು ವರದಿ ಕೊಟ್ಟಿದ್ದೀರಿ. ಆ ವರದಿ ಸುಳ್ಳು. ಅದರೊಳಗಿನ ಒಂದೊಂದು ಅಂಕಿಯೂ ನಿಜ. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ನನಗೆ ಗೊತ್ತು, ಏಕೆಂದರೆ ಆ ಅಂಕಿಗಳನ್ನು ಬರೆದ ಕೈ ನನ್ನದು.

ತಮ್ಮ ಕಡೆಯವರು ಬಂದದ್ದು ಒಂದು ಮಂಗಳವಾರ, ಊಟದ ಬಿಡುವಿನಲ್ಲಿ, ಮಾಲೀಕರ ಎದುರಿಗೇ. ಅರ್ಧ ಗಂಟೆಯಲ್ಲಿ ಮುಗಿಸಿ ಎಂದರು. ನಮ್ಮಲ್ಲಿ ಓದು ಬಲ್ಲವರು ಕಡಿಮೆ. ಐದನೇ ತರಗತಿಯವರೆಗೆ ಕಲಿತ ನಾನೇ ವಿದ್ಯಾವಂತೆ. ನಲವತ್ತೊಂದು ಜನರ ಫಾರಂ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಏಳನೇ ಪ್ರಶ್ನೆ: ಕಳೆದ ಆರು ತಿಂಗಳಲ್ಲಿ ಕಾಯಿಲೆಯಿಂದ ಎಷ್ಟು ದಿನ ಕೆಲಸ ತಪ್ಪಿಸಿದ್ದೀರಿ? ನನ್ನ ಅಕ್ಕ ಕೆಮ್ಮು ನಿಲ್ಲುವವರೆಗೆ ಕಾದು, "ಸೊನ್ನೆ ಹಾಕೇ. ಒಂದಿನಾನೂ ತಪ್ಸಿಲ್ಲ ನಾನು. ಇಲ್ಲದ್ದನ್ನ ಯಾಕೆ ಬರೀತೀಯ?" ಎಂದಳು. ಒಂದು ನಿಮಿಷವೂ ತಡವಾಗಿ ಬಾರದ್ದಕ್ಕೆ ನಾವು 'ಗಡಿಯಾರ' ಎಂದು ಕರೆಯುವ ಹಿರಿಯಾಕೆ, "ಸತ್ತ ದಿನ ಒಂದು ರಜೆ ಹಾಕ್ತೀನಮ್ಮ, ಬೇಕಾದ್ರೆ ಈಗ್ಲೇ ಬರ್ಕೋ" ಎಂದು ನಗಿಸಿದಳು. ನಾನೂ ನಕ್ಕು ಸೊನ್ನೆ ಬರೆದೆ.

ಫಾರಮಿನಲ್ಲಿ ಕೇಳದೆ ಬಿಟ್ಟ ವಿಷಯ ಇದು. ನಮ್ಮಲ್ಲಿ ಮೂರು ದಿನ ಬರದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ. ಹಾಗಾಗಿ ಉಸಿರು ಕಟ್ಟಿದವಳನ್ನು ನಾವು ಮನೆಗೆ ಕಳಿಸುವುದಿಲ್ಲ, ಬಟ್ಟೆ ಮಡಿಸುವ ಮೇಜಿಗೆ ಕಳಿಸುತ್ತೇವೆ. ಮಡಿಸುತ್ತಿದ್ದವಳು ಬ್ಲೀಚಿಂಗ್ ಪುಡಿಯ ತೊಟ್ಟಿಗೆ ಬಂದು ನಿಲ್ಲುತ್ತಾಳೆ. ಅವಳಿಗೂ ಎದೆ ಕಟ್ಟಿದಾಗ ಮತ್ತೆ ಅದಲುಬದಲು. ಹೀಗೆ ಕಾಯಿಲೆ ಎಲ್ಲರ ಮೇಲೂ ಸರದಿಯಂತೆ ಬರುತ್ತದೆ, ಹಾಜರಿ ಪುಸ್ತಕ ಮಾತ್ರ ಹಾಲಿನಷ್ಟು ಬಿಳಿ. ನಮ್ಮ ಅಕ್ಕರೆಯೇ ನಮಗೆ ಎದುರುಸಾಕ್ಷಿಯಾಗುತ್ತದೆ ಎಂದು ಯಾರಿಗೆ ಹೊಳೆದಿತ್ತು?

ಆ ಫಾರಂ ತುಂಬಿ ಕೆಲವು ವಾರಗಳಾಗಿದ್ದವು. ಅಕ್ಕ ಶನಿವಾರ ಪೂರ್ತಿ ಕೆಲಸ ಮಾಡಿ ಭಾನುವಾರ ತೀರಿಕೊಂಡಳು. ಭಾನುವಾರ ವಾರದ ರಜೆ. ತಮ್ಮ ಲೆಕ್ಕದಲ್ಲಿ ಅವಳದು ಇಂದಿಗೂ ಸೊನ್ನೆ. ಅವಳ ತೊಟ್ಟಿಯ ಮುಂದೆ ಈಗ ನಾನು ನಿಲ್ಲುತ್ತೇನೆ.

ಪರಿಮಾಣಾತ್ಮಕ, ಗುಣಾತ್ಮಕ ಎಂಬ ಪದಗಳನ್ನು ನಾನು ಮೊದಲು ಕಂಡದ್ದೇ ತಮ್ಮ ವರದಿಯಲ್ಲಿ. ಮೊದಲನೆಯದು ಎಣಿಸಿ ಬರೆದದ್ದು, ಅಂದರೆ ನಮ್ಮ ಸೊನ್ನೆಗಳು. ಎರಡನೆಯದು ನೋಡಿ, ಕೇಳಿ ಬರೆದದ್ದು, ಅಂದರೆ ತಮ್ಮ ಕಚೇರಿಯೇ ಕಳಿಸಿದ್ದ ಸಂಶೋಧಕಿಯ ನೋಟ್‌ಬುಕ್. ಆಕೆ ಹನ್ನೊಂದು ದಿನ ನಮ್ಮ ಜೊತೆ ಕೂತು ಹಾಸಿಗೆ ಬಟ್ಟೆ ಮಡಿಸಿದರು. ಅದಲುಬದಲಿನ ವಿಷಯವನ್ನು ಮೂರನೇ ದಿನವೇ ಕಂಡುಹಿಡಿದು ಬರೆದುಕೊಂಡರು. ತಾವು ಅದನ್ನು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹೂತಿದ್ದೀರಿ: "ಕೆಲವರ ವೈಯಕ್ತಿಕ ಅನಿಸಿಕೆ, ಪರಿಗಣಿಸಲಾಗಿಲ್ಲ."

ಆಕೆಯ ನೋಟ್‌ಬುಕ್ಕೇ ವೇದವಾಕ್ಯ ಎಂದು ನಾನು ಹೇಳುವುದಿಲ್ಲ. ಆಕೆ ಮಾತಾಡಿದ್ದು ಆರು ಜನರೊಂದಿಗೆ, ಅದೂ ಬಾಯಿ ಇದ್ದವರೊಂದಿಗೆ. ಆಕೆ ಪಕ್ಕದಲ್ಲಿ ಕೂತಾಗಲೆಲ್ಲ ನಾನು ನಾಚಿ ತಲೆ ತಗ್ಗಿಸಿದೆ; ನನ್ನ ಒಂದು ಮಾತೂ ಅದರಲ್ಲಿಲ್ಲ. ಎಷ್ಟು ಜನರ ಎದೆ ಕೆಟ್ಟಿದೆ ಎಂದು ಅದು ಹೇಳಲಾರದು, ಅದಕ್ಕೆ ಎಣಿಸುವವರೇ ಬೇಕು. ಆದರೆ ಏನನ್ನು ಎಣಿಸಬೇಕು ಎಂದು ಆ ನೋಟ್‌ಬುಕ್ ಹೇಳುತ್ತಿತ್ತಲ್ಲ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತಾರೆ. ಸರಿ, ಆದರೆ ಅದನ್ನು ಹಿಸುಕಿ ನೋಡಬೇಕು. ಪಾತ್ರೆಯ ಅಗುಳನ್ನೆಲ್ಲ ಮುಚ್ಚಳದ ಮೇಲಿನಿಂದ ಎಣಿಸಿದರೆ ಏನು ತಿಳಿದೀತು?

ಆದ್ದರಿಂದ ಕೇಳುತ್ತಿದ್ದೇನೆ. ಆ ವರದಿಯನ್ನು ಹಿಂದಕ್ಕೆ ಪಡೆಯಿರಿ. ನೋಟ್‌ಬುಕ್ ಓದಿ, ಆಮೇಲೆ ಹೊಸ ಫಾರಂ ಮಾಡಿ. ರಜೆಯ ದಿನಗಳನ್ನಲ್ಲ, ತೊಟ್ಟಿ ಬಿಟ್ಟು ಮೇಜಿಗೆ ಹೋದ ದಿನಗಳನ್ನು ಕೇಳಿ. ಮಾಲೀಕರು ಎದುರಿಗಿಲ್ಲದಾಗ ಕೇಳಿ. ಅಲ್ಲಿಯವರೆಗೆ ಫ್ಯಾನು ಬೇಡ ಎಂಬ ಮಾತನ್ನು ತಡೆಹಿಡಿಯಿರಿ. ಇದಾವುದೂ ತಮ್ಮ ನಿಯಮಕ್ಕೆ ಒಗ್ಗದಿದ್ದರೆ, ಎಷ್ಟು ಜನ ಹೇಳಿದರೆ ಅನಿಸಿಕೆ ಸಾಕ್ಷ್ಯವಾಗುತ್ತದೆ ಎಂಬ ಸಂಖ್ಯೆಯನ್ನಾದರೂ ಬರೆದು ತಿಳಿಸಿ. ಬೇಗ ತಿಳಿಸಿ. ಹೇಳಲು ಉಸಿರಿರುವವರು ನಮ್ಮಲ್ಲಿ ಈಗ ನಲವತ್ತು ಜನ ಇದ್ದೇವೆ.

ಇಂತಿ,
ಕೇಳಿದ್ದಕ್ಕಷ್ಟೇ ಉತ್ತರ ಬರೆದ ತಪ್ಪಿತಸ್ಥೆ