ನೆಲದ ಮೇಲಿಟ್ಟ ಸ್ಲೇಟು

ಗುಬ್ಬಿ, ಜುಲೈ ೧೯೫೮

ಅಪ್ಪ,

ನೀವು ತೀರಿಹೋಗಿ ಎರಡು ವರ್ಷವಾದರೂ ಇದನ್ನು ನಿಮಗೇ ಹೇಳಬೇಕು. ಸಂಜೆ ಸ್ಕೂಲಿಂದ ಬಂದ ನಳಿನಿ ಗೊಂಬೆಗಳಿಗೆ ಪಾಠ ಮಾಡುತ್ತಿದ್ದಳು. ರಟ್ಟಿನ ಚೂರುಗಳೇ ಸ್ಲೇಟು. ಎಲ್ಲರದನ್ನೂ ಕೈಯಲ್ಲಿ ಹಿಡಿದು ತಿದ್ದಿದಳು. ಒಂದನ್ನು ಮಾತ್ರ ನೆಲದ ಮೇಲೇ ಬಿಟ್ಟು, ಕೋಲಿನಿಂದ ತೋರಿಸಿ, "ತಪ್ಪು, ಅಳಿಸು" ಅಂದಳು.

"ಅದನ್ಯಾಕೇ ಮುಟ್ಟಲ್ಲ?"

"ಅದು ಕೇರಿ ಹುಡುಗಿದು ಕಣಮ್ಮ. ಮೇಷ್ಟ್ರೂ ಮುಟ್ಟಲ್ಲ."

ನೀವು ಮೇಷ್ಟ್ರಾಗಿದ್ದ ನಮ್ಮ ಕ್ಲಾಸಿನಲ್ಲಿ ಕೇರಿಯ ಕೆಂಪಿಯ ಸ್ಲೇಟೂ ನೆಲದ ಮೇಲೇ ಇರುತ್ತಿತ್ತು. ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದವಳು ನಾಲ್ಕನೇ ಕ್ಲಾಸಿಗೇ ಬಿಟ್ಟಳು. ನಾನು ಬಿ.ಎ. ಮುಗಿಸಿದೆ. ಅವಳ ಸ್ಲೇಟನ್ನು ಯಾಕೆ ಮುಟ್ಟಲ್ಲವೆಂದು ನಿಮ್ಮನ್ನು ಒಂದು ದಿನವೂ ಕೇಳಲಿಲ್ಲ.

ನಳಿನಿ ಮಲಗಿದರೂ ನನಗೆ ನಿದ್ದೆಯಿಲ್ಲ. ನಾಳೆ ಹೋಗಿ ಮೇಷ್ಟ್ರನ್ನು ಕೇಳಲೇಬೇಕು. ಅವರು ನಿಮ್ಮ ಶಿಷ್ಯರೇ. "ನಿಮ್ಮ ತಂದೆಯವರನ್ನು ನೋಡಿಯೇ ಕಲಿತೆನಮ್ಮ" ಅಂದರೆ ಏನು ಹೇಳಲಿ, ಅಪ್ಪ?