ಮೂರೂ ಇದರಲ್ಲೇ ಇದೆ

ಆಸ್ಪತ್ರೆಯ ವರಾಂಡ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಕೆಮ್ಮು ಕಡಿಮೆಯಾಯಿತೇ? ಎಷ್ಟು ಸಿಟ್ಟು ಬಂದರೂ ಇದನ್ನು ಕೇಳದೆ ಮುಂದಕ್ಕೆ ಬರೆಯಲು ಕೈ ಬರುವುದಿಲ್ಲ, ಹಾಳು ಹೆತ್ತ ಕರುಳು. ಕೇಳಿದ್ದಾಯಿತು. ಇನ್ನು ಬೈಯುತ್ತೇನೆ, ಕೂತು ಓದು. ನೀನು ಫೋನ್ ಎತ್ತುತ್ತಿಲ್ಲವಲ್ಲ, ಅದಕ್ಕೇ ಈ ಕಾಗದ.

ನಿಮ್ಮಪ್ಪನ ಎಡಗಾಲಿನ ಗಾಯಕ್ಕೆಂದು ನಿನ್ನ ಲ್ಯಾಬಿನಲ್ಲಿ ಕಲಸಿದ ಮುಲಾಮು ಕಳಿಸಿದೆಯಲ್ಲ, ಅದರ ವಿಷಯ. ಆ್ಯಂಟಿಬಯಾಟಿಕ್, ಲೋಳೆಸರದ ರಸ, ವಿಟಮಿನ್. "ಮೂರೂ ಇದರಲ್ಲೇ ಇದೆ ಅಪ್ಪಾ, ಹಚ್ಕೊಂಡ್ರೆ ಸಾಕು" ಅಂದೆ. ಆ ಮಾತನ್ನು ಅವರು ಹೇಗೆ ತೆಗೆದುಕೊಂಡರು ಗೊತ್ತೇ? ಮೂರೂ ಇದರಲ್ಲೇ ಇದ್ದ ಮೇಲೆ ನುಂಗುವುದೇಕೆ ಎಂದು ಡಾಕ್ಟರಮ್ಮ ಕೊಟ್ಟ ಮಾತ್ರೆಗಳನ್ನೆಲ್ಲ ನನಗೆ ಕಾಣದಂತೆ ಬಾಲ್ಕನಿಯ ಹೂಕುಂಡಕ್ಕೆ ಸುರಿದರು. ಗಿಡಕ್ಕಾದರೂ ಆಗಲಿ ಅಂದುಕೊಂಡರಂತೆ! ಸಕ್ಕರೆ ಕಾಯಿಲೆಯವರು ಬೇರೆ. ಜೀವಮಾನವೆಲ್ಲ ಬಸ್ಸು ಓಡಿಸಿ ಒಂದು ಕೆಂಪು ದೀಪ ದಾಟದ ಮನುಷ್ಯ, ಮಗ ಹೇಳಿದ ಎಂದು ಕಣ್ಣು ಮುಚ್ಚಿಕೊಂಡು ನುಗ್ಗಿಬಿಟ್ಟರು.

ನಿನಗೆ ಬೇಕಾಗಿದ್ದದ್ದು ಫೋಟೊ. ದಿನಾ ಬೆಳಿಗ್ಗೆ ಗಾಯದ ಪಕ್ಕ ನನ್ನ ಹೊಲಿಗೆಯ ಟೇಪು ಇಟ್ಟು ತೆಗೆದು ಕಳಿಸಬೇಕು. ಗಿರಾಕಿಗಳ ಕತ್ತು, ಭುಜ ಅಳೆಯುವ ಟೇಪು ಅದು. ಆದರೂ ಕಳಿಸಿದೆ. ಗಾಯ ಮೇಲೆ ಮುಚ್ಚುತ್ತಾ ಬಂದ ಹಾಗೆ ನೀನು ಭೇಷ್ ಅಂದೆ, ಅವರು ಮನೆಗೆ ಬಂದವರಿಗೆಲ್ಲ ಕಾಲೆತ್ತಿ ತೋರಿಸಿದ್ದೇ ತೋರಿಸಿದ್ದು. ಒಂದು ದಿನವಾದರೂ ಅಪ್ಪನ ಮುಖದ ಫೋಟೊ ಕಳಿಸಮ್ಮಾ ಅಂದೆಯಾ? ನೋಡಿದ್ದರೆ ಜ್ವರ ನಿನಗೂ ಕಾಣುತ್ತಿತ್ತು. ಮೇಲೆ ಚರ್ಮ ಕೂಡಿಕೊಂಡಿತ್ತು, ಒಳಗೆಲ್ಲ ಕೀವು. ಡಾಕ್ಟರಮ್ಮ ಒತ್ತಿ ನೋಡಿದಾಗ ಅವರು ಮಂಚದ ಕಂಬಿ ಹಿಡಿದು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅವತ್ತೇ ನಿನಗೆ ಫೋನ್ ಮಾಡಿ, ಇದರಿಂದ ಎಷ್ಟು ಜನಕ್ಕೆ ವಾಸಿಯಾಗಿದೆ ಎಂದು ಕೇಳಿದೆ. "ಜನಕ್ಕೆ ಇನ್ನೂ ಕೊಟ್ಟಿಲ್ಲಮ್ಮಾ, ಇಲಿಗಳಿಗೆ ಚೆನ್ನಾಗಿ ವಾಸಿಯಾಗಿದೆ" ಅಂದೆ. ನಿಮ್ಮಪ್ಪ ಇಲಿಯೇನೋ? ಮೂರು ಒಳ್ಳೆಯದನ್ನು ಸೇರಿಸಿ ಇನ್ನೂ ಒಳ್ಳೆಯದನ್ನು ಮಾಡಹೊರಟೆ, ಅದಕ್ಕೆ ನನಗೆ ಸಿಟ್ಟಿಲ್ಲ. ಮುಂದೆ ಅದು ನಿಜವಾಗಿಯೂ ಒಳ್ಳೆಯ ಮುಲಾಮೇ ಆದೀತು. ಆದರೆ ಯಾರಿಗೂ ಕೊಡದಿದ್ದದ್ದನ್ನು, ಯಾರನ್ನೂ ಕೇಳದೆ, ನಿನಗೆ ಎಂದೂ ಇಲ್ಲ ಎನ್ನದವರಿಗೆ ಕೊಟ್ಟೆಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ. ಕೊಟ್ಟು, ಈಗ ಫೋನ್ ಎತ್ತದೆ ಕೂತಿದ್ದೀಯಲ್ಲ, ಅದಕ್ಕೆ ಇನ್ನೂ ಉರಿಯುತ್ತದೆ.

ಬೈದಿದ್ದೂ ನಾನೇ, ಹರಸುವವಳೂ ನಾನೇ. ಚೆನ್ನಾಗಿರು. ಕೆಮ್ಮಿಗೆ ಬಿಸಿನೀರು ಕುಡಿ.

ನಿನ್ನ ಅಮ್ಮ

ತಾ.ಕ.: ಕಾಗದ ತರುವ ನಿನ್ನ ಮಾಮ ಚಪ್ಪಲಿ ಮೆಟ್ಟಿಕೊಂಡು ಅವಸರ ಮಾಡುತ್ತಿದ್ದಾನೆ. ನಾಳೆ ಬೆಳಿಗ್ಗೆ ನಿಮ್ಮಪ್ಪನ ಕಾಲಿನ ಎರಡು ಬೆರಳು ತೆಗೆಯುತ್ತಾರೆ. ಇಂಜೆಕ್ಷನ್ ನಾಟದಿದ್ದರೆ ಪಾದವೇ ಹೋಗುತ್ತದಂತೆ. ನಿಮ್ಮಪ್ಪ ಏನೂ ಹಚ್ಚಿಲ್ಲ ಎಂದು ಡಾಕ್ಟರಮ್ಮನಿಗೆ ಸುಳ್ಳು ಹೇಳಿದ್ದರು. ಇವತ್ತು ನಾನೇ ಡಬ್ಬಿ ತಂದು ತೋರಿಸಿದೆ. ಅದರ ಮೇಲೆ ಹೆಸರಿಲ್ಲ. ಒಳಗಿದ್ದದ್ದು ಯಾವ ಆ್ಯಂಟಿಬಯಾಟಿಕ್ ಎಂದು ತಿಳಿದರೆ ಸರಿಯಾದ ಇಂಜೆಕ್ಷನ್ ಆರಿಸಬಹುದು ಅನ್ನುತ್ತಾರೆ. ಡಾಕ್ಟರಮ್ಮನ ನಂಬರ್ ಮಾಮನ ಹತ್ತಿರ ಇದೆ. ಅವನ ಎದುರಿಗೇ ಫೋನ್ ಮಾಡಿ, ಅದರ ಹೆಸರು ತಿಳಿಸಿ, ಕಳಿಸಿದವನು ನಾನೇ ಅಂತ ಹೇಳು. "ಕಾಲು ಹೋದ್ರೂ ಪರವಾಗಿಲ್ಲ, ಹುಡುಗನ ಕೆಲಸ ಹೋಗ್ಬಾರ್ದು" ಅಂತ ನಿಮ್ಮಪ್ಪ ನನಗೆ ಕೈ ಮುಗಿದರು. ನನಗೆ ಅವರ ಕಾಲು ಬೇಕು.