ಡ್ರಾವರಿನಲ್ಲಿ ಹುಟ್ಟಿದ ಫೈಲು

ಪ್ರೀತಿಯ ಮಾವಶಿಗೆ,

ನನ್ನ ಮದುವೆ ಆಯಿತು ಮಾವಶಿ, ಆಗಿಯೇ ಹೋಯಿತು! ಹುಡುಗ ಹುಬ್ಬಳ್ಳಿಯ ಅಭಿನಂದನ. ನೀವು ಒಮ್ಮೆ ಅವನ ಫೋಟೋ ನೋಡಿ, "ಮೂಗು ಒಂದ ಬಿಟ್ಟರ ಹುಡುಗ ಅಡ್ಡಿಯಿಲ್ಲ" ಅಂದಿದ್ದಿರಲ್ಲ, ಅವನೇ. ಮೂಗು ಹಾಗೆಯೇ ಇದೆ, ನನಗೆ ಈಗ ಅದೇ ಎಲ್ಲಕ್ಕಿಂತ ಇಷ್ಟ. ಬೆಳಿಗ್ಗೆ ಚಹಾ ಅವನೇ ಮಾಡುತ್ತಾನೆ. ಅವನ ಮೊಬೈಲಿನ ಪಾಸ್‌ವರ್ಡ್ ನನಗೆ ಗೊತ್ತಿಲ್ಲ, ನನ್ನದು ಅವನಿಗೆ ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ಸಂಸಾರ ಬೇರೆ ಇದೆಯೇ? ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು ಇಷ್ಟುದ್ದ ಕನ್ನಡದಲ್ಲಿ ಬರೆಯುತ್ತಿದ್ದೇನೆಂದರೆ ನನ್ನ ಸಂತೋಷ ಎಷ್ಟಿದೆ ಎಂದು ನೀವೇ ಲೆಕ್ಕ ಹಾಕಿ. ಸಿಟ್ಟೂ ಅಷ್ಟೇ ಇದೆ.

ಮಿರಜದ ಆಸ್ಪತ್ರೆಯಲ್ಲಿ ನೀವು ಕೊನೆಯ ಸಲ ಜೋರಾಗಿ ನಕ್ಕದ್ದು ನೆನಪಾಗುತ್ತದೆ. ಸಲಾಯಿನ್ ಹಚ್ಚಲು ಬಂದ ನರ್ಸ್ ಹುಡುಗಿಗೆ, "ಬಾಳಾ, ನಿನ್ನ ಮೊಬೈಲಿನ ಪಾಸ್‌ವರ್ಡ್ ನಾಲ್ಕೂ ಸೊನ್ನಿ ಏನು? ನಾ ಮಲಗಿದಲ್ಲಿಂದನ ಕಾಣ್ತೈತಿ" ಅಂದಿರಿ. ಅವಳು, "ಆಜಿ, ನೀವು ಪೇಷಂಟೋ ಪೊಲೀಸೋ?" ಅಂದಳು. "ಎರಡೂ ಅಲ್ಲವಾ, ಮಾಸ್ತರಬಾಯಿ" ಅಂದು ನಕ್ಕಿರಿ. ಅವಳು ಹೋದ ಮೇಲೆ ದಿಂಬಿನ ಕೆಳಗಿನಿಂದ ಆ ಚಿಕ್ಕ ಕಬ್ಬಿಣದ ಡಬ್ಬಿ ತೆಗೆದು ನನ್ನ ಕೈಗಿಟ್ಟಿರಿ. ಬೇರೆಯವರಿಗೆ ಅವ್ವನ ತಂಗಿಯರು, ಅವರ ಮಾವಶಿಯರು, ಬಂಗಾರ ಕೊಡುತ್ತಾರೆ!

ಆ ಡಬ್ಬಿಯ ಗುಣವನ್ನು ನೀವು ಸಾಂಗ್ಲಿಯ ಕಾಲೇಜಿನಲ್ಲಿ ಕಲಿಸಿದ ದಿನ ನಾನು ಎರಡನೇ ಬೆಂಚಿನಲ್ಲಿದ್ದೆ. ಕಂಪ್ಯೂಟರಿನೊಳಗಿನ ಸಾಕ್ಷಿ ಹುಡುಕುವ ವಿದ್ಯೆಯ ಮೊದಲ ಪ್ರಾಕ್ಟಿಕಲ್‌ಗೆ ನೀವು ಕಂಪ್ಯೂಟರ್ ಹಚ್ಚಲೇ ಇಲ್ಲ. ತಂಬಿಗೆಯಲ್ಲಿ ನೀರು, ಒಂದು ಬಿಳಿ ಅರಿವೆ ತಂದಿದ್ದಿರಿ. "ನಮ್ಮ ಜೈನರ ಮನ್ಯಾಗ ನೀರು ಹೆಂಗ ಕುಡೀತಾರ? ಸೋಸಿ. ನೀರು ಈ ಕಡೆ ಬರಬೇಕು, ಅದರಾಗಿನ ಜೀವ ಇದ್ದಲ್ಲೇ ಉಳೀಬೇಕು. ಈ ಡಬ್ಬಿ ಅಂದ್ರ ನಮ್ಮ ಸೋಸೋ ಅರಿವಿ. ಕಂಪ್ಯೂಟರಿಗೂ ಪೆನ್ ಡ್ರೈವಿಗೂ ನಡುವ ಇದನ್ನ ಹಚ್ಚಿದ್ರ, ಡ್ರೈವಿನ್ಯಾಗ ಇದ್ದದ್ದು ನಮಗ ಕಾಣತೈತಿ, ನಮ್ಮದು ಒಂದ ಅಕ್ಷರಾನೂ ಅದರಾಗ ಹೋಗಂಗಿಲ್ಲ. ಡಬ್ಬಿ ಇಲ್ಲದ ಮುಟ್ಟಿದ್ರ ಅದು ನಿಮ್ಮ ಕಥಿ ಆಗತೈತಿ, ಅದರ ಕಥಿ ಅಲ್ಲ." ಹಿಂದಿನ ಬೆಂಚಿನ ಹುಡುಗರು ನಕ್ಕರು. ಈಗ ಅವರು ಎಲ್ಲಿದ್ದಾರೋ, ಏನೇನು ಮುಟ್ಟುತ್ತಿದ್ದಾರೋ...

ಕೃಷ್ಣೆಯ ಮಹಾಪೂರ ಇಳಿದ ಮೇಲೆ ಹರಿಪುರದ ಜನ ಕೆಸರು ತುಂಬಿದ ಮೊಬೈಲುಗಳನ್ನು ಚೀಲದಲ್ಲಿ ಹಾಕಿಕೊಂಡು ನಿಮ್ಮ ಲ್ಯಾಬಿಗೆ ಬಂದದ್ದು ನೆನಪಿದೆಯೇ? ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ನೀವು ಒಂದೊಂದನ್ನೂ ತೊಳೆದಿರಿ. ಸತ್ತ ಮೊಬೈಲಿನಿಂದ ಏನೇನು ಮರಳಿ ತರಬಹುದು ಎಂಬ ನಿಮ್ಮ ಸಂಶೋಧನೆ ಶುರುವಾದದ್ದೇ ಆ ಕೆಸರಿನಲ್ಲಿ. ಆಗ ತೀರಿಹೋದ ತಾಯಿಯ ಮೊಬೈಲು ಹಿಡಿದು ಬಂದಿದ್ದ ಹುಡುಗಿ ರೇಣುಕಾ. ವಿಜಾಪುರದ ಕಡೆಯಿಂದ ಬಂದವರು, ಅಪ್ಪ ಅರಿಷಿಣದ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ನೀವು ಆ ಮೊಬೈಲಿನಿಂದ ತಾಯಿಯ ಧ್ವನಿ ತೆಗೆದುಕೊಟ್ಟಿರಿ. ಅವಳು ಅತ್ತು ಮುಗಿಸಿ ಕೇಳಿದ ಮೊದಲ ಮಾತು, "ಇದನ್ನ ನನಗೂ ಕಲಿಸ್ತೀರೇನ್ರಿ ಬಾಯಿ?"

ನೀವು ಕಣ್ಣು ಮುಚ್ಚಿದ ಮೇಲೆ ನಿಮ್ಮ ಕುರ್ಚಿಗೆ ಒಬ್ಬ ಸಾಹೇಬರು ಬಂದಿದ್ದಾರೆ. ಹೆಸರು ಬರೆದು ಕಾಗದ ಹೊಲಸು ಮಾಡುವುದಿಲ್ಲ. ಬಂದ ವಾರವೇ ನಿಮ್ಮ ಕೆಸರಿನ ಮೊಬೈಲುಗಳನ್ನೆಲ್ಲ 'ಕಚರಾ' ಎಂದು ಕಸದ ಗಾಡಿಗೆ ಎತ್ತಿಸಿದರು. ಗೋಡೆಯ ತುಂಬ ತಮ್ಮ ಸರ್ಟಿಫಿಕೇಟುಗಳಿಗೆ ಫ್ರೇಮು ಹಾಕಿಸಿದರು, ಆನ್‌ಲೈನಿನಲ್ಲಿ ಒಂದು ಮಧ್ಯಾಹ್ನದಲ್ಲಿ ಸಿಗುವಂಥವು. ಪಾಠವೆಂದರೆ ಪರದೆಯ ಮೇಲೆ ಕರಿ ಟೊಪ್ಪಿಗೆ ಹಾಕಿಕೊಂಡ, ಮುಖ ಕಾಣದ ಒಬ್ಬ ಹ್ಯಾಕರ್‌ನ ಚಿತ್ರ. ಸಾಂಗ್ಲಿಯ ಬಿಸಿಲಿನಲ್ಲಿ ಅಂಥ ಟೊಪ್ಪಿಗೆ ಯಾವ ಕಳ್ಳ ಹಾಕಿಕೊಳ್ಳುತ್ತಾನೆ ಮಾವಶಿ? ಪ್ರಾಕ್ಟಿಕಲ್ ಎಂದರೆ ಆ ಚಿತ್ರವನ್ನು ಜರ್ನಲ್‌ನಲ್ಲಿ ಅಂಟಿಸುವುದು. ನಿಮ್ಮ ಡಬ್ಬಿಯಂಥವು ಕಪಾಟಿನಲ್ಲಿ ಇನ್ನೂ ಇವೆ, ಅವುಗಳ ಮೇಲೆ ಅವರಿಗೆ ಸನ್ಮಾನದಲ್ಲಿ ಬಂದ ಹಾರ ತುರಾಯಿ.

ಮದುವೆಯ ದಿನ ಸಾಂಗ್ಲಿವಾಡಿಯ ಮಂಗಲ ಕಾರ್ಯಾಲಯದಲ್ಲಿ ನಾನು ಮುಖದ ಮೇಲೆ ಮುತ್ತಿನ ಸರದ ಮುಂಡಾವಳಿ ತೂಗಿಸಿಕೊಂಡು ನಿಂತಿದ್ದಾಗ ಇದೇ ಸಾಹೇಬರು ಹೂಗುಚ್ಛ ಹಿಡಿದು ವೇದಿಕೆ ಹತ್ತಿದರು. ಶುಭಾಶಯ ಹೇಳುವ ಮೊದಲೇ ಶುರು: "ನಿಮ್ಮ ಮಾವಶಿಯವರ ಲಾಡಕಿ ಶಿಷ್ಯೆ ರೇಣುಕಾ, ಪರೀಕ್ಷಾ ಪೇಪರ್ ಕದ್ದಾಳ. ನಾನ ತಪಾಸ ಮಾಡಿ ಹಿಡದೇನಿ. ನೋಡು!" ತಮ್ಮ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಕಂಪ್ಯೂಟರಿನ ಪರದೆ, ರೇಣುಕಾಳ ಪೆನ್ ಡ್ರೈವು, ಅದರೊಳಗೆ ಪ್ರಶ್ನೆಪತ್ರಿಕೆಯ ಫೈಲು, ಪಕ್ಕದಲ್ಲೇ ಅದು ಅಲ್ಲಿ ಹುಟ್ಟಿದ ದಿನ, ವೇಳೆ.

"ಪೆನ್ ಡ್ರೈವ್ ಯಾವಾಗ ಕಸಗೊಂಡ್ರಿ ಸರ್?"

"ಬುಧವಾರ ಮುಂಜಾನೆ. ಆಕಿ ಕಾಲೇಜಿಗೆ ಕಾಲ ಇಟ್ಟ ಕೂಡ್ಲೇ!"

"ಆಮ್ಯಾಲ ಎಲ್ಲಿತ್ತರಿ?"

"ನನ್ನ ಡ್ರಾವರಿನ್ಯಾಗ. ಕೀಲಿ ನನ್ನ ಕಿಸೇದಾಗ. ನನ್ನ ಬಿಟ್ಟು ಯಾರೂ ಮುಟ್ಟಿಲ್ಲ."

"ಮತ್ತ ಈ ಫೈಲು ಹುಟ್ಟಿದ್ದು ಬುಧವಾರ ಮಧ್ಯಾಹ್ನ ಅಂತ ಇಲ್ಲೇ ಬರದೈತಲ್ಲರಿ? ನಿಮ್ಮ ಡ್ರಾವರಿನ್ಯಾಗ ಬಾಣಂತನ ಆತೇನು?"

ಅಭಿನಂದನ ಎಷ್ಟು ನಕ್ಕನೆಂದರೆ ಅವನ ಬಾಸಿಂಗ ಜಾರಿತು. ಫೋಟೋದವನು, "ಮ್ಯಾಡಮ್, ಇಕಡೆ ಬಘಾ, ಇಲ್ಲಿ ನೋಡ್ರಿ, ಸ್ಮೈಲ್!" ಎಂದು ಕೂಗುತ್ತಲೇ ಇದ್ದ. ಸಾಹೇಬರು, "ಅದು ಸಿಸ್ಟಮ್ ಎರರ್ ಇರತೈತಿ, ನಿನಗ ತಿಳಿಯಂಗಿಲ್ಲ" ಎಂದು ನೇರವಾಗಿ ಊಟದ ಪಂಕ್ತಿಗೆ ಹೋದರು. ಹೋಳಿಗೆ ಎರಡೆರಡು ಸಲ ಹಾಕಿಸಿಕೊಂಡರಂತೆ.

ಆ ಬುಧವಾರ ನಡೆದದ್ದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಪೇಪರ್ ಸೋರಿದೆ ಎಂದು ಯಾರೋ ಗಾಳಿಸುದ್ದಿ ಹಬ್ಬಿಸಿದರು. ಹಮಾಲಿಯ ಮಗಳಿಗೆ ಎಲ್ಲರಿಗಿಂತ ಹೆಚ್ಚು ಮಾರ್ಕ್ಸು ಬರುತ್ತಿದ್ದವು, ಸಾಹೇಬರಿಗೆ ಅಷ್ಟೇ ಸಾಕಾಯಿತು. ಅವಳ ಪೆನ್ ಡ್ರೈವನ್ನು ಡಬ್ಬಿಯಿಲ್ಲದೆ ನೇರ ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಪ್ರಶ್ನೆಪತ್ರಿಕೆ ಇದ್ದದ್ದೂ ಅದೇ ಕಂಪ್ಯೂಟರಿನಲ್ಲಿ. ಹೋಲಿಸಿ ನೋಡಲು ಎರಡನ್ನೂ ತೆರೆದು ಅತ್ತಿತ್ತ ಎಳೆದಾಡಿದ್ದಾರೆ, ಫೈಲಿನ ಒಂದು ಪ್ರತಿ ಪೆನ್ ಡ್ರೈವಿನೊಳಗೆ ಹೋಗಿ ಕೂತಿದೆ. ಆಮೇಲೆ ತಾವೇ ಅದನ್ನು ಕಂಡುಹಿಡಿದಿದ್ದಾರೆ! ಬೇಕೆಂದೇ ಮಾಡಿದರೇ ಎಂದು ಅಭಿನಂದನ ಕೇಳಿದ. ಕೆಟ್ಟತನಕ್ಕೂ ಸ್ವಲ್ಪ ಬುದ್ಧಿ ಬೇಕಲ್ಲವೇ? ಈ ಮನುಷ್ಯನಲ್ಲಿ ಅದನ್ನು ಹುಡುಕುವುದೆಂದರೆ, ಮಾವಶಿ, ನಿಮ್ಮ ಕೆಸರಿನ ಮೊಬೈಲುಗಳೇ ವಾಸಿ.

ಮೊನ್ನೆ ಫೋನಿನಲ್ಲಿ ರೇಣುಕಾ ಅಳಲಿಲ್ಲ, ಅದೇ ನನ್ನನ್ನು ಹೆದರಿಸಿತು. "ಅಕ್ಕಾರ, ಅಪ್ಪ ಅಂತಾನ, ಕಳ್ಳಿ ಅನ್ನಿಸಿಕೊಂಡು ಓದೋದು ಬ್ಯಾಡ, ಯಾರ್ಡಿಗೆ ಬಾ ಅಂತ. ಸೋಮವಾರ ಮೀಟಿಂಗ್ ಐತಿ. ಹೆಸರು ಹೊಡದ ಹಾಕ್ತಾರ." ನಾನು ಪ್ರಿನ್ಸಿಪಾಲರಿಗೆ ಬರೆದೆ, ಮತ್ತೆ ಬರೆದೆ, ಕೊನೆಗೆ ಫೋನ್ ಹಚ್ಚಿದೆ. ಸೋಮವಾರ ಬಂದು, ಅವಳ ತಪ್ಪಿಲ್ಲವೆಂದು ಎಲ್ಲರೆದುರು ತೋರಿಸಿ ಒಪ್ಪಿಸಿದರೆ ಹುಡುಗಿಯನ್ನು ಪರೀಕ್ಷೆಗೆ ಕೂಡಿಸುತ್ತೇವೆ, ಇಲ್ಲದಿದ್ದರೆ ಇಲ್ಲ, ಎಂದಿದ್ದಾರೆ. ಅಲ್ಲಿಯವರೆಗೆ ಆ ಕಂಪ್ಯೂಟರ್ ಇರುವ ಕೋಣೆಗೂ ಪೆನ್ ಡ್ರೈವಿಗೂ ತಮ್ಮದೇ ಬೀಗ ಹಾಕಿಸಿದ್ದಾರೆ. ಸಾಹೇಬರು ಸ್ಟಾಫ್ ರೂಮಿನಲ್ಲಿ, "ಹೊಸಾ ಮದುಮಗಳು, ಗಂಡನ್ನ ಬಿಟ್ಟು ಯಾಕ ಬರ್ತಾಳ?" ಅಂದು ಮೀಸೆ ತಿರುವಿದರಂತೆ.

ನೀವು ಕಲಿಸಿದ್ದನ್ನು ಅವರು ಒಂದು ದಿನವಾದರೂ ಓದಿದ್ದರೆ ಗೊತ್ತಿರುತ್ತಿತ್ತು. ಒಂದು ಪೆನ್ ಡ್ರೈವನ್ನು ತನಗೆ ಮೊದಲ ಸಲ ಯಾವಾಗ ಚುಚ್ಚಿದರು ಎಂಬುದನ್ನು ಕಂಪ್ಯೂಟರೇ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ರೇಣುಕಾ ಕದ್ದಿದ್ದರೆ ಆ ವೇಳೆ ಬುಧವಾರಕ್ಕಿಂತ ಮೊದಲಿನದಿರಬೇಕು. ಇರುವುದಿಲ್ಲ. ಸಾಹೇಬರು ಅದನ್ನು ಅಳಿಸಬಹುದಿತ್ತಲ್ಲ ಎನ್ನುತ್ತೀರಾ? ಅಳಿಸಲು ಅದು ಎಲ್ಲಿದೆ ಎಂದು ಗೊತ್ತಿರಬೇಕು!

ನಿನ್ನೆ ಬ್ಯಾಗಿನಲ್ಲಿ ಮದುವೆಯ ಸೀರೆಗಳ ನಡುವೆ ನಿಮ್ಮ ಡಬ್ಬಿ ಇಟ್ಟೆ. ಅದನ್ನು ಸುತ್ತಿದ್ದು ನಿಮ್ಮ ಅಡುಗೆಮನೆಯ ಸೋಸುವ ಅರಿವೆಯಲ್ಲಿ. ಅಭಿನಂದನ ಬುತ್ತಿ ಕಟ್ಟುತ್ತೇನೆ, ಜೊತೆಗೂ ಬರುತ್ತೇನೆ ಅನ್ನುತ್ತಾನೆ, ಮೀಟಿಂಗಿನಲ್ಲಿ ನಗುವುದಿಲ್ಲ ಎಂದು ಆಣೆ ಹಾಕಿದ್ದಾನೆ, ನಂಬಿಕೆಯಿಲ್ಲ. ರೇಣುಕಾಗೆ ಸಾಂಗ್ಲಿಯಿಂದ ಮಿರಜ ಸ್ಟೇಶನ್ನಿಗೆ ಬರಲು ಹೇಳಿದ್ದೇನೆ. ಡಬ್ಬಿಯನ್ನು ಅವಳ ಕೈಗೆ ಕೊಡುತ್ತೇನೆ ಮಾವಶಿ, ಸೋಮವಾರ ಅದನ್ನು ಹಚ್ಚುವವಳು ಅವಳೇ, ನಾನು ಪಕ್ಕದಲ್ಲಿ ನಿಲ್ಲುವವಳು. ಮಿರಜಕ್ಕೆ ಬರುತ್ತಿದ್ದೇನೆ, ರವಿವಾರ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ.